ಇಬ್ಬರು ವಿಸ್ಸರ್, ಒಂದು ಅಂಜಲ್ ಮೀನು

ಒಂಟಿಯಾಗಿರುವ ಗಂಡಸಿಗೆ ಅಡುಗೆ ಬರಬಾರದು. ಬಂದರೆ, ಮಾಡಿದ್ದನ್ನು ತಿನ್ನುವುದಕ್ಕೆ ಇನ್ನೊಬ್ಬರು ಬೇಕೆನಿಸುತ್ತದೆ. ತಾಪತ್ರಯ ಶುರುವಾಗುವುದೇ ಅಲ್ಲಿಂದ. ಮಗಳ ಕಾಲೇಜಿಗೆಂದು ಹೆಂಡತಿ ಸುಜಾತ ಅವಳೊಂದಿಗೆ ಉಡುಪಿಗೆ ಹೋದ ಮೇಲೆ ಅಬುಧಾಬಿಯ ಫ್ಲಾಟಿನಲ್ಲಿ ಉಳಿದದ್ದು ನಾನು ಮತ್ತು ಫ್ರಿಜ್ಜು. ಅದು ಆಗಾಗ ಗುರ್ರೆನ್ನುತ್ತದೆ. ನಾನು "ಎಂಥ ಮಾರಾಯ?" ಅನ್ನುತ್ತೇನೆ. ಮಾತುಕತೆ ಅಲ್ಲಿಗೆ ಖಲಾಸ್.

ಊರಂಚಿನ ಮುಸಫ್ಫಾದಲ್ಲಿರುವ ನಮ್ಮ ಕಂಪನಿ ಕಬ್ಬಿಣದ ಟ್ಯಾಂಕು, ಪೈಪು ಮಾಡುತ್ತದೆ. ನಕ್ಷೆ, ಕಾಗದಪತ್ರಗಳನ್ನು ಸರಿಯಾದವರಿಗೆ ತಲುಪಿಸುವುದು ನನ್ನ ಕೆಲಸ. ಈಚೆಗೆ ಅಲ್ಲಿಗೆ ಯಾನ್ ವಿಸ್ಸರ್ ಎಂಬ ಡಚ್ ಎಂಜಿನಿಯರ್ ಬಂದರು. ಹೆಸರಿನ ಕೊನೆಗೇ ಒಂದು 'ಸರ್' ಇದೆಯಲ್ಲ, ಮರ್ಯಾದೆಗೆ ಇನ್ನೊಂದು ಸೇರಿಸಬೇಕೋ ಬೇಡವೋ ಎಂದು ನನಗೆ ಗೊಂದಲ. ಒಂದು ದಿನ ಲಿಫ್ಟಿನಲ್ಲಿ "ವಿಸ್ಸರ್ ಸರ್" ಎಂದೇಬಿಟ್ಟೆ. ಅವರು ನಕ್ಕು, "ಬರೀ ವಿಸ್ಸರ್ ಸಾಕು. ನಮ್ಮ ಭಾಷೆಯಲ್ಲಿ ಅದಕ್ಕೆ ಮೀನುಗಾರ ಅಂತ ಅರ್ಥ" ಎಂದರು. ನನಗೆ ರೋಮಾಂಚನ! ನಮ್ಮದೂ ಮಲ್ಪೆಯಲ್ಲಿ ಬಲೆ ಬೀಸಿದ ಮನೆತನವೇ. ಸೀಟಿಗೆ ಬಂದವನೇ ಮೇಲ್ ಬರೆದೆ: "ಭಾನುವಾರ ಮಧ್ಯಾಹ್ನ ಮನೆಗೆ ಬನ್ನಿ, ಮೀನುಗಾರರಿಬ್ಬರೂ ಒಟ್ಟಿಗೆ ಉಣ್ಣೋಣ." ಕೆಳಗೆ ಮನೆಯ ಗುರುತನ್ನೂ ಹಾಕಿದೆ. ಹೆಸರಿನ ಎರಡಕ್ಷರ ಒತ್ತುವಷ್ಟರಲ್ಲಿ ಕಂಪ್ಯೂಟರೇ ಉಳಿದ ಮೇಲ್ ವಿಳಾಸ ತುಂಬಿಕೊಂಡಿತು. ಹತ್ತು ನಿಮಿಷದಲ್ಲಿ ಉತ್ತರ: "ಖಂಡಿತ ಬರುತ್ತೇನೆ."

ಭಾನುವಾರ ಬೆಳಿಗ್ಗೆ ಅಲ್ ಮೀನಾ ಮಾರುಕಟ್ಟೆಯಿಂದ ಒಳ್ಳೆಯ ಅಂಜಲ್ ತಂದು ಅರ್ಧ ಹುರಿದೆ, ಅರ್ಧ ಸಾರು ಮಾಡಿದೆ. ಒಂದು ಗಂಟೆಗೆ ಬೆಲ್ ಆಯಿತು. ತೆಗೆದು ನೋಡಿದರೆ, ಅರವತ್ತರ ಹತ್ತಿರದ, ಬಿಸಿಲಿಗೆ ಕೆಂಪಾದ, ಬಾಗಿಲಿನಷ್ಟೇ ಎತ್ತರದ ಅಪರಿಚಿತ. ಕೈಯಲ್ಲಿ ಖರ್ಜೂರದ ಡಬ್ಬಿ.

"ನಾನು ಯೋಹಾನ್ ವಿಸ್ಸರ್. ಮದೀನತ್ ಜಾಯೆದ್ ಸೈಟಿನಿಂದ."

ವರ್ಷಗಟ್ಟಲೆ ನಾನು ನಕ್ಷೆ ಕಳಿಸುತ್ತಿದ್ದ, ಮುಖ ಮಾತ್ರ ನೋಡಿರದ ವಿಸ್ಸರ್! ಎರಡು ಗಂಟೆ ಮರಳುಗಾಡಿನಲ್ಲಿ ಕಾರು ಓಡಿಸಿಕೊಂಡು ಬಂದಿದ್ದಾರೆ. ನೀವಲ್ಲ, ಇನ್ನೊಬ್ಬ ವಿಸ್ಸರ್ ಎನ್ನಲಾದೀತೇ? "ಬನ್ನಿ ಬನ್ನಿ, ನಿಮಗೇ ಕಾಯುತ್ತಿದ್ದೆ" ಎಂದೆ.

ಊಟಕ್ಕೆ ಕೂತಾಗ ಹೆಸರಿನ ವಿಷಯ ತೆಗೆದೆ. ಅವರು ದಕ್ಷಿಣ ಆಫ್ರಿಕಾದವರು. "ನಮ್ಮ ಹಿರಿಯ ಯಾರೋ ಹಾಲೆಂಡಿನಿಂದ ಹಡಗು ಹತ್ತಿ ಆಫ್ರಿಕಾದ ತುದಿಗೆ ಬಂದನಂತೆ. ಆಮೇಲಿನವರು ಒಳನಾಡಿಗೆ ಹೋಗಿ ಕುರಿ ಸಾಕಿದರು. ಹೆಸರು ಮಾತ್ರ ಮೀನಿನದೇ ಉಳಿಯಿತು. ಹಾಲೆಂಡಿನಲ್ಲಿ ಎಲ್ಲಿ ಹೋದರೂ ವಿಸ್ಸರ್‌ಗಳು, ಜರ್ಮನಿಗೆ ಹೋದರೆ ಅವರೇ ಫಿಶರ್‌ಗಳು. ಮೀನು ಹಿಡಿದವರಿಗೆಲ್ಲ ಅದೇ ಹೆಸರು, ಒಬ್ಬರಿಗೊಬ್ಬರು ನೆಂಟರೇನಲ್ಲ" ಎಂದರು. ಕುರಿಯವರ ಮನೆತನ ಎನ್ನುವುದು ಮುಳ್ಳು ಬಿಡಿಸಲು ಅವರು ಪಡುತ್ತಿದ್ದ ಪಾಡಿನಲ್ಲೇ ಗೊತ್ತಾಗುತ್ತಿತ್ತು. ನಾನೇ ಬಿಡಿಸಿಕೊಟ್ಟೆ. ಆಗ ತಟ್ಟೆ ನೋಡುತ್ತಲೇ ಮೆಲ್ಲಗೆ ಹೇಳಿದರು: "ಈ ದೇಶಕ್ಕೆ ಬಂದ ಮೇಲೆ ಯಾರೂ ನನ್ನನ್ನು ಮನೆಗೆ ಊಟಕ್ಕೆ ಕರೆದಿರಲಿಲ್ಲ."

ನಾನು ಇನ್ನೊಂದು ತುಂಡು ಬಡಿಸಿದೆ. ಮಲ್ಪೆಯ ದೋಣಿಗಳ ಬಗ್ಗೆ ಶುರು ಮಾಡಿದೆ, ಅಲ್ಲಿಂದ ಮಗಳ ಕಾಲೇಜು, ನನ್ನ ಸೊಂಟನೋವು. ನಾಲ್ಕು ಗಂಟೆಗೆ ಅವರು ಎದ್ದು, ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಕುಲುಕಿ ಹೊರಟರು.

ಮರುದಿನ ಆಫೀಸಿನಲ್ಲಿ ಯಾನ್ ವಿಸ್ಸರ್ ಸಿಕ್ಕಿದಾಗ ನಡೆದದ್ದನ್ನು ಹೇಳಿದೆ. "ಒಳ್ಳೆಯದೇ ಆಯಿತು. ಮೀನು ತಿಂದರೆ ನನಗೆ ಮುಖ ಊದಿಕೊಳ್ಳುತ್ತದೆ" ಎಂದರು ಆ ಅಸಲಿ ಮೀನುಗಾರರು.

ಸಂಜೆ ಸುಜಾತಳಿಗೆ ಫೋನಿನಲ್ಲಿ ಎಲ್ಲ ವರದಿ ಒಪ್ಪಿಸಿದೆ.

"ಪಾಪ! ಅವರ ಹೆಂಡತಿ ಮಕ್ಕಳು ಎಲ್ಲಿದ್ದಾರಂತೆ?"

ಮೂರು ಗಂಟೆ ಎದುರಿಗೆ ಕೂತಿದ್ದ ಮನುಷ್ಯನಿಗೆ ಮದುವೆಯಾಗಿದೆಯೋ ಇಲ್ಲವೋ ಅದೂ ನನಗೆ ಗೊತ್ತಿರಲಿಲ್ಲ.

"ಅವರಿಗೆ ಮಾತಾಡಲಿಕ್ಕೆ ಬಿಟ್ಟರೆ ಅಲ್ವಾ ಮಾರಾಯ್ರೆ ನೀವು?" ಎಂದಳು.

ಆ ಕೂಡಲೆ ಯೋಹಾನ್ ವಿಸ್ಸರ್‌ಗೆ ಮೇಲ್ ಬರೆದೆ, ವಿಳಾಸ ಎರಡು ಸಲ ನೋಡಿಕೊಂಡು. ಮುಂದಿನ ಭಾನುವಾರವೂ ಬನ್ನಿ, ಈ ಸಲ ನೀವು ಮಾತಾಡಿ, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು. ಆಮೇಲೆ, ಆಗದ ಮಾತೇಕೆ ಎಂದು ಆ ಕೊನೆಯ ಸಾಲನ್ನು ಅಳಿಸಿ ಕಳಿಸಿದೆ.