ವಿಮಲಸೇನನಿಗೊಂದು ವಿಳಾಸ

ರಾಜಕುಮಾರರು ಏಳು ಸಮುದ್ರ ದಾಟಿ ರಾಕ್ಷಸನ ಪ್ರಾಣವಿದ್ದ ಗಿಳಿಯನ್ನು ಹಿಡಿದು ತರುತ್ತಿದ್ದ ಕಾಲವೊಂದಿತ್ತು. ಅಂಥದೇ ಒಂದು ಕಾಲದಲ್ಲಿ, ಇಟಲಿಯ ಬೆಂಕಿಬೆಟ್ಟದ ಬುಡದ ಊರೊಂದರಲ್ಲಿ, ಸಿಂಹಳದಿಂದ ಬಂದ ವಿಮಲಸೇನ ಹೆಟ್ಟಿಯಾರಚ್ಚಿ ಎಂಬವನಿದ್ದ. ಅವನು ತರಬೇಕಾಗಿದ್ದದ್ದು ಗಿಳಿಗಿಂತ ಕಷ್ಟದ್ದು: ತಾನು ತನ್ನ ಮನೆಯಲ್ಲೇ ಇದ್ದೇನೆಂಬ ಸಾಕ್ಷಿ.

ಎಲ್ಲಕ್ಕೂ ಕಾರಣ ಕಡಲೆಬೇಳೆ ಗಾತ್ರದ ಒಂದು ಕಲ್ಲು. ಅದು ಅವನ ಮೂತ್ರಪಿಂಡದಲ್ಲಿ ಮೊಂಡು ಬಾಡಿಗೆದಾರನ ಹಾಗೆ ಕೂತುಬಿಟ್ಟಿತ್ತು. ಆಸ್ಪತ್ರೆಯವರು ನೋವಿಗೊಂದು ಸೂಜಿ ಚುಚ್ಚಿ, ಕಲ್ಲು ತೆಗೆಯಲು ಮನೆ ಡಾಕ್ಟರ ಚೀಟಿ ಬೇಕೆಂದರು. ಡಾಕ್ಟರಿಗೆ ಆರೋಗ್ಯ ಕಾರ್ಡು ಬೇಕು. ಕಾರ್ಡಿಗೆ ವಿಳಾಸ ಬೇಕು. ವಿಳಾಸಕ್ಕೆ ನಗರಸಭೆಯ ಪೊಲೀಸನೊಬ್ಬ ಬಂದು ಇವನು ಮನೆಯಲ್ಲಿರುವುದನ್ನು ಕಣ್ಣಾರೆ ನೋಡಬೇಕು. ಅವನು ಬಂದಾಗಲೆಲ್ಲ ವಿಮಲಸೇನ ಕೆಲಸದ ಮನೆಯಲ್ಲಿ ಮುದುಕರೊಬ್ಬರಿಗೆ ಗಂಜಿ ಕುಡಿಸುತ್ತಿದ್ದ. ಇವತ್ತೂ ಸಿಗದಿದ್ದರೆ ಅರ್ಜಿ ಕಸದ ಬುಟ್ಟಿಗೆ ಎಂದು ಕಚೇರಿಯವರು ಹೇಳಿದ್ದರು. ಹಾಗಾಗಿ ರಜೆ ಹಾಕಿ, ತಾರಸಿಯ ತನ್ನ ಕೋಣೆಯಲ್ಲಿ ಪಕ್ಕೆ ಒತ್ತಿಕೊಂಡು ಕೂತಿದ್ದ.

ಪೊಲೀಸ ಬಂದ. ಆದರೆ ಆ ಓಣಿಯಲ್ಲಿ ಸಮವಸ್ತ್ರ ಕಂಡರೆ ಬೆಕ್ಕುಗಳೂ ಹೆಸರು ಮರೆಯುತ್ತಿದ್ದವು. ಬಾಗಿಲ ಬಳಿಯ ಚಮ್ಮಾರ ಫೆರ್ದಿನಾಂದೊ ಕರೆಗಂಟೆಯ ಮೇಲಿದ್ದ ವಿಮಲಸೇನನ ಹೆಸರಿನ ಚೀಟಿಯನ್ನು ಕಿತ್ತು, ಬಾಯಿಗೆ ಹಾಕಿಕೊಂಡು ಅಗಿದೇಬಿಟ್ಟ.

"ಹೆಟ್ಟಿಯಾರಚ್ಚಿ ಅನ್ನೋರು ಇಲ್ಲೇನಾ ಇರೋದು?"

"ಅದ್ಯಾವ ತರಕಾರಿ ಸ್ವಾಮಿ?" ಎಂದ ಫೆರ್ದಿನಾಂದೊ, ನುಂಗುತ್ತಾ.

"ಸಿಂಹಳದವರು."

ಮೇಲಿನ ಬಾಲ್ಕನಿಯಿಂದ ಮನೆಯೊಡತಿ ದೊನ್ನ ಅಸುಂತ ಬಗ್ಗಿದಳು. "ನಾನು ಹುಟ್ಟಿದ್ದೇ ಇಲ್ಲಿ ಕಣಪ್ಪ. ಸಿಂಹಳ ಅನ್ನೋದನ್ನ ಚಹಾ ಡಬ್ಬಿ ಮೇಲೆ ಬಿಟ್ರೆ ಎಲ್ಲೂ ನೋಡಿಲ್ಲ."

"ಇದೀನಿ ಸ್ವಾಮಿ, ಬಂದೆ" ಎಂದು ತಾರಸಿಯಿಂದ ಕೂಗು ಕೇಳಿದ್ದೇ ತಡ, ಅವಳು ರೇಡಿಯೊ ಜೋರು ಮಾಡಿದಳು. ಮೆಟ್ಟಿಲಿಳಿದು ಬರುತ್ತಿದ್ದವನ ರಟ್ಟೆ ಹಿಡಿದು ಅಡುಗೆಮನೆಗೆ ನೂಕಿ ಚಿಲಕ ಹಾಕಿದಳು.

"ಸುಮ್ನಿರು ಮಿಮ್ಮೊ. ಪೊಲೀಸರು ನಿನ್ನೇ ಹುಡುಕ್ತಿದಾರೆ." ವಿಮಲಸೇನ ಎಂದು ಕರೆಯಲು ಅವಳಿಗೆ ಪುರಸೊತ್ತಿರಲಿಲ್ಲ.

"ನಾನೇ ಕರೆಸಿದ್ದಮ್ಮ."

"ನೋವು ತಲೆಗೇರಿದೆ ಪಾಪ. ಪೊಲೀಸರನ್ನ ಯಾರಾದ್ರೂ ಕರೆಸ್ತಾರಾ? ತಗೋ, ಆಲೂಗಡ್ಡೆ ಪಾಸ್ತ ತಿನ್ನು."

ಪಾಸ್ತ ತಿನ್ನುತ್ತಾ, ಕಾರ್ಡು, ಕಲ್ಲು, ಡಾಕ್ಟರು ಎಂದು ಅವನು ಎಲ್ಲ ವಿವರಿಸಿ ಮುಗಿಸುವಷ್ಟರಲ್ಲಿ ಪೊಲೀಸ ಹೊರಟುಹೋಗಿದ್ದ. ವಿಮಲಸೇನ ಪಕ್ಕೆ ಹಿಡಿದುಕೊಂಡು ಏಡಿಯ ಹಾಗೆ ಓರೆಯಾಗಿ ಓಡಿ, ಮೂಲೆಯ ಕಾಫಿ ಅಂಗಡಿಯಲ್ಲಿ ಅವನನ್ನು ಹಿಡಿದು ಕರೆತಂದ.

ಓಣಿಗೆ ಓಣಿಯೇ ಈಗ ಸಾಕ್ಷಿಗೆ ನಿಂತಿತ್ತು. "ಇದಾನೆ ಸ್ವಾಮಿ. ಹೊಟ್ಟೇಲಿ ಹುಟ್ಟಿದ ಮಗ ಇದ್ದ ಹಾಗೆ ಇದಾನೆ" ಎಂದಳು ಅಸುಂತ.

"ಆಗ್ಲೇ ಇಲ್ಲ ಅಂದ್ರಲ್ಲ?"

"ಆಗ ನೀವು ಪೊಲೀಸರ ಥರ ಕಾಣಿಸ್ತಿದ್ರಿ."

ಪೊಲೀಸ ಏದುಸಿರು ಬಿಡುತ್ತಾ ತಾರಸಿಗೆ ಹತ್ತಿದ. ಹಾಸಿಗೆ ನೋಡಿದ, ಅನ್ನದ ಪಾತ್ರೆ ನೋಡಿದ, ಹಲ್ಲುಜ್ಜುವ ಬ್ರಷ್ಷನ್ನೂ ನೋಡಿ ತಲೆಯಾಡಿಸಿದ. ಆಮೇಲೆ ಕಟ್ಟಡದ ನಕಾಶೆ ಬಿಡಿಸಿ, ಮಹಡಿಗಳನ್ನು ಬೆರಳಿಟ್ಟು ಎಣಿಸಿದ.

"ನೀನಿರೋದು ನಿಜ ಕಣಯ್ಯ. ಮನೆ ಇರೋದು ಸುಳ್ಳು. ಈ ಕಟ್ಟಡಕ್ಕೆ ನಾಲ್ಕೇ ಮಹಡಿ. ಇಲ್ಲಿರಬೇಕಾದ್ದು ಆಕಾಶ."

ಅಸುಂತ ಶಿಲುಬೆ ಗುರುತು ಹಾಕಿಕೊಂಡಳು. "ನಮ್ಮ ಯಜಮಾನರು ಕಟ್ಟಿದ್ದು. ಅವರೀಗ ಸ್ವರ್ಗದಲ್ಲಿದಾರೆ."

"ಹಂಗಾದ್ರೆ ಇಬ್ಬರದೂ ಒಂದೇ ವಿಳಾಸ."

ವಿಮಲಸೇನ ಹೊಸ್ತಿಲ ಮೇಲೆ ಕುಸಿದು ಕೂತ. ಸಿಟ್ಟು ಮಾಡುವಷ್ಟು ತ್ರಾಣವೂ ಉಳಿದಿರಲಿಲ್ಲ. "ಮನೆ ಸುಳ್ಳಾದ್ರೆ ಇರಲಿ ಸ್ವಾಮಿ" ಎಂದ ಮೆಲ್ಲಗೆ. "ಕಲ್ಲು ನಿಜ."

ಪೊಲೀಸನ ಮನಸ್ಸು ಕರಗಿತು. ಅವನ ಮಾವನಿಗೂ ಕಲ್ಲಾಗಿತ್ತು. "ಒಂದು ದಾರಿ ಇದೆ. ಮನೆ ಇಲ್ಲದೋರಿಗೆ ಅಂತಾನೇ ನಗರಸಭೆಯೋರು ಒಂದು ಬೀದಿ ಇಟ್ಟಿದಾರೆ. ಸಮಾಧಾನ ಬೀದಿ. ನೆಲದ ಮೇಲಿಲ್ಲ, ಕಾಗದದ ಮೇಲಿದೆ. ಅಲ್ಲಿ ಇರೋರಿಗೂ ಕಾರ್ಡು ಬರುತ್ತೆ."

ಇಲ್ಲದ ಮನೆಯ ಹೊಸ್ತಿಲಲ್ಲಿ ಕೂತೇ ಪೊಲೀಸ ಬರೆದ, ಮೊಹರು ಒತ್ತಿದ. ಫೆರ್ದಿನಾಂದೊ ಚಪ್ಪಾಳೆ ತಟ್ಟಿದ. ಅಸುಂತ ಕಾಫಿ ತಂದಳು. ವಿಮಲಸೇನನ ಕಣ್ಣು ತುಂಬಿ ಬಂತು.

"ಕಾರ್ಡಿಗೆ ಇನ್ನು ಎಲ್ಲಿಗೆ ಬರಬೇಕು ಸ್ವಾಮಿ?"

"ಎಲ್ಲಿಗೂ ಬರಬೇಡ, ದಣಿದಿದೀಯ. ಅಂಚೆಯವನೇ ಮನೆ ಬಾಗಿಲಿಗೆ ತಂದು ಕೊಡ್ತಾನೆ."

"ಯಾವ ಮನೆ ಬಾಗಿಲಿಗೆ?"

ಪೊಲೀಸ ಕಾಫಿ ಮುಗಿಸಿ ಟೋಪಿ ಹಾಕಿಕೊಂಡ. "ಸಮಾಧಾನ ಬೀದಿ, ನಂಬರ್ ಒಂದು. ಬೆಳಿಗ್ಗೆ ಹೊತ್ತು ಅಲ್ಲೇ ಇರು. ಬೇರೆಯವರ ಕೈಗೆ ಕೊಡಲ್ಲ."

ಹೀಗೆ, ಇಟಲಿಯ ಬೆಂಕಿಬೆಟ್ಟದ ಬುಡದಲ್ಲಿ, ವಿಮಲಸೇನನಿಗೆ ಕೊನೆಗೂ ಒಂದು ವಿಳಾಸವಾಯಿತು.