ಅತ್ತೆಯ ಹಿಮ್ಮಡಿ, ನನ್ನ ಮುಖ

ತಿಳಿಯದ ಕೆಲಸಕ್ಕೆ ಮೊದಲು ಕೈ ಎತ್ತುವ ಚಟ ನನಗಿದೆ. ದಾಂಡೇಲಿಯಲ್ಲಿ ನನ್ನದು ಮಿಕ್ಸರು, ಫ್ಯಾನು ರಿಪೇರಿ ಅಂಗಡಿ. ಹಾಗಾಗಿ, ಸಕ್ಕರೆ ಕಾಯಿಲೆಯ ನಮ್ಮ ಅತ್ತೆಯನ್ನು ಮೊಬೈಲಿನಲ್ಲೇ ಡಾಕ್ಟರಿಗೆ ತೋರಿಸಬಹುದೆಂದು ಅವರ ಹಳ್ಳಿಯ ನರ್ಸಮ್ಮ ಹೇಳಿದ ಕೂಡಲೇ, "ಅದೇನ ದೊಡ್ಡದ್ರೀ, ನಾ ಮಾಡ್ತೇನಿ" ಎಂದುಬಿಟ್ಟೆ.

ಅತ್ತೆ ಇರುವುದು ಉಳವಿಯ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಸಿಗ್ನಲ್ ಸಿಗುವುದು ಹಿತ್ತಲ ದಿಬ್ಬದ ಮೇಲೆ ಮಾತ್ರ. ಕೆಲವು ದಿನಗಳಿಂದ ಅವರು ಕುಂಟುತ್ತಿದ್ದರು. ಕೇಳಿದರೆ "ಮುಳ್ಳ ನಟ್ಟೈತಿ" ಎನ್ನುತ್ತಿದ್ದರು. ಡಾಕ್ಟರಿಗೆ ತೋರಿಸಲೆಂದು ನಾವಿಬ್ಬರೂ ಹಳ್ಳಿಗೆ ಹೋದೆವು. ಹೆಂಡತಿ ಅವರ ತೋಳು ಹಿಡಿದಳು, ನಾನು ತಲೆಯ ಮೇಲೆ ಕುರ್ಚಿ ಹೊತ್ತೆ. ಅಂತೂ ದಿಬ್ಬ ಹತ್ತಿದೆವು.

ಡಾಕ್ಟರಮ್ಮ ತೆರೆಯ ಮೇಲೆ ಬಂದದ್ದೇ ತಡ, ಅತ್ತೆ ಸೆರಗು ಸರಿಮಾಡಿಕೊಂಡು, "ಊಟ ಆತೇನವಾ?" ಎಂದರು.

"ಆತ್ರೀ ಅಜ್ಜಿ. ನಿಮಗೇನ ತ್ರಾಸ?"

"ಏನೂ ಇಲ್ಲವಾ, ಆರಾಮ ಅದೀನಿ."

ಹೆಂಡತಿ ರೇಗಿದಳು: "ಅವ್ವಾ, ಕಾಲ ತೋರಸ!"

"ಅಳಿಯಾರ ಮುಂದ ಕಾಲ ಹೆಂಗ ಚಾಚಲಿ?"

ನಾನು ಮರ್ಯಾದೆಯಿಂದ ಕತ್ತನ್ನು ಕಾಡಿನ ಕಡೆ ತಿರುಗಿಸಿ, ಫೋನನ್ನು ಅಂದಾಜಿನಲ್ಲಿ ಚಾಚಿದೆ. ಡಾಕ್ಟರಮ್ಮನಿಗೆ ಮೊದಲು ಆಕಾಶ ಕಂಡಿತಂತೆ, ಆಮೇಲೆ ಹಲಸಿನ ಮರ. ನಾನು ಏನೋ ಒತ್ತಿದೆ.

"ಅಣ್ಣಾರ, ಈಗ ನಿಮ್ಮ ಮುಖಾನ ಕಾಣಾಕತ್ತೈತಿ."

ಹೆಂಡತಿ ಫೋನು ಕಸಿದುಕೊಂಡು ತಾನೇ ತೋರಿಸಿದಳು. ಹಿಮ್ಮಡಿಯಲ್ಲಿ ಹುಣ್ಣಾಗಿ ಸುತ್ತಲೂ ಕಪ್ಪಗಾಗಿತ್ತು. ಡಾಕ್ಟರಮ್ಮನ ದನಿ ಬದಲಾಯಿತು. "ಅಜ್ಜಿ, ನೋವಿಲ್ಲಂತ ಸುಮ್ಮನ ಕುಂತರ ಕಾಲನ್ನೇ ಕಳಕೋತೀರಿ. ಇವತ್ತ ದವಾಖಾನಿಗೆ ಬರ್ರಿ." ಅತ್ತೆ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಫೋನಿಡುವ ಮೊದಲು ಡಾಕ್ಟರಮ್ಮ, "ಅಣ್ಣಾರ, ನೀವ್ಯಾಕ ಇಷ್ಟ ಉಸಿರ ಬಿಟಗೋತ ತೇಕಾಕತ್ತೀರಿ? ನೀವೂ ಬಿಪಿ ನೋಡಿಸ್ಕೊಳ್ರಿ" ಎಂದರು.

ಬಾಡಿಗೆ ಜೀಪಿನಲ್ಲಿ ದವಾಖಾನೆ ಸೇರಿದೆವು. ಅತ್ತೆಯ ಕಾಲು ಉಳಿಯಿತು. ನನ್ನ ಬಿಪಿ ಮಾತ್ರ ದಿಬ್ಬ ಇಳಿದೇ ಇರಲಿಲ್ಲ. ಗುಳಿಗೆ ಶುರುವಾಯಿತು, ಉಪ್ಪು ಕಡಿಮೆಯಾಯಿತು.

ಈಗ ಅತ್ತೆ ತಮ್ಮ ಹಿಮ್ಮಡಿಯ ಫೋಟೋ ತಾವೇ ತೆಗೆದು ಡಾಕ್ಟರಮ್ಮನಿಗೆ ಕಳಿಸುವಷ್ಟು ಪಳಗಿದ್ದಾರೆ. ವಾಸಿಯಾದ ಕಾಲಿನಲ್ಲಿ ದಿಬ್ಬ ಹತ್ತಿ, ಸರಿಯಾಗಿ ನನ್ನ ಊಟದ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತಾರೆ. ನಿನ್ನೆಯೂ ಮಾಡಿದ್ದರು.

"ಅಳಿಯಾರ, ಫೋನ ಜರಾ ಎಡಕ್ಕ ಹೊಳ್ಳಸ್ರಿ. ಆ ಬಟ್ಟಲದಾಗೇನೈತಿ?"

ಉಪ್ಪಿನಕಾಯಿ ಇತ್ತು. "ಅತ್ತೀ, ಸಿಗ್ನಲ್ ಹೋತ್ರಿ" ಎಂದು ಕಾಲ್ ಕತ್ತರಿಸಿದೆ. ಮರುಕ್ಷಣವೇ ಅಡುಗೆಮನೆಯಲ್ಲಿ ಹೆಂಡತಿಯ ಫೋನು ರಿಂಗಾಯಿತು.