ಮಧ್ಯಾಹ್ನ ಮುಗಿಸಿಬಿಡ್ತೀನಿ

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಗುಮಾಸ್ತನಿಗೆ ಇದ್ದದ್ದು ಒಂದೇ ದುಶ್ಚಟ, ಕಾದಂಬರಿ. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಯಾರ ತಂಟೆಗೂ ಹೋಗುವವನಲ್ಲ. ಆದರೆ ದಪ್ಪನೆಯ ಕಾದಂಬರಿಯೊಂದು ಕೈಗೆ ಸಿಕ್ಕರೆ ಬೆಲ್ಲದ ಡಬ್ಬಿಗೆ ಬಿದ್ದ ಇರುವೆಯಂತೆ, ಹೊರಗೆ ಬರುವ ಯೋಚನೆಯೇ ಇರುತ್ತಿರಲಿಲ್ಲ. ಹೋದ ತಿಂಗಳು ಹಾಗೇ ಆಗಿತ್ತು. ಪುಸ್ತಕದಲ್ಲಿ ನಾಯಕ ತುಂಬಿದ ಹೊಳೆಗೆ ಹಾರುವ ಹೊತ್ತಿಗೆ ಸರಿಯಾಗಿ, ಬರೀ ಹಲ್ಲು ಶುಚಿ ಮಾಡಿಸಿಕೊಳ್ಳಲು ಬಂದ ಹೆಂಗಸನ್ನು ಇವನು ಹಲ್ಲು ಕೀಳಿಸಿಕೊಳ್ಳುವವರ ಸಾಲಿನಲ್ಲಿ ಕೂರಿಸಿಬಿಟ್ಟಿದ್ದ. ಆಕೆಯ ಹಲ್ಲು ಕೂದಲೆಳೆಯಲ್ಲಿ ಉಳಿಯಿತು.

"ಇನ್ನೊಂದು ಸಲ ಇಲ್ಲಿ ಕಾದಂಬರಿ ನನ್ನ ಕಣ್ಣಿಗೆ ಬಿದ್ರೆ ಬೇರೆ ಕಡೆ ಕೆಲಸ ನೋಡ್ಕೊಳ್ಳಿ" ಎಂದಿದ್ದರು ಡಾಕ್ಟರಮ್ಮ. ಅವರು ಹೇಳಿದ್ದನ್ನು ಮಾಡುವ ಪೈಕಿ. ಅಂದಿನಿಂದ ಗುಮಾಸ್ತನ ಕಾದಂಬರಿ ಕೌಂಟರಿನ ಡ್ರಾಯರಿನಲ್ಲಿ ಅಡಗಿ ಕೂತಿತು. ಊಟದ ಹೊತ್ತಿನಲ್ಲಿ ಸ್ಟೋರ್ ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು ಓದುತ್ತಿದ್ದ, ಸಂಜೆ ಅದನ್ನು ಮನೆಗೆ ಒಯ್ಯುತ್ತಿದ್ದ.

ಈ ಚಟ ಅವನಿಗೆ ಬಂದದ್ದೇ ಅಕ್ಕನಿಂದ. ಬೇರೆ ಊರಿನಲ್ಲಿದ್ದ ಆಕೆಯೂ ಅದೇ ಕಾದಂಬರಿ ಓದುತ್ತಿದ್ದಳು. ಬೆಳಿಗ್ಗೆ ಫೋನ್ ಮಾಡಿ ಇಬ್ಬರೂ ತಮ್ಮ ತಮ್ಮ ಅಭಿಪ್ರಾಯ ಹೇಳಿಕೊಳ್ಳುವುದು, ಮುಂದೆ ಓದಿದವರು ಹಿಂದಿದ್ದವರಿಗೆ ಕತೆ ಬಿಟ್ಟುಕೊಡಬಾರದು ಎಂಬುದು ಅವರೊಳಗಿನ ಒಪ್ಪಂದ. ಈ ಸಲದ್ದು ಒಬ್ಬ ಬಟ್ಟೆ ಅಂಗಡಿ ಯಜಮಾನನ ಹೆಂಡತಿಯ ಕತೆ. ಗಂಡ ಮಹಾ ದುಷ್ಟ. ಅವನು ಕುಡಿಯುವ ಹಾಲಿಗೆ ಯಾರೋ ದಿನವೂ ತುಸು ತುಸು ವಿಷ ಬೆರೆಸುತ್ತಿದ್ದಾರೆ. ಯಾರು ಎನ್ನುವುದು ಕೊನೆಯ ಅಧ್ಯಾಯದಲ್ಲಿದೆ. ಆ ಅಧ್ಯಾಯ ಒಂದೇ ಉಳಿದಿತ್ತು.

ಆ ದಿನ ಫೋನ್ ಬಂದಾಗ ಡಾಕ್ಟರಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಬೆಂಚಿನ ಮೇಲೆ ನಿವೃತ್ತ ಮೇಷ್ಟರೊಬ್ಬರು ಒಸಡಿಗೆ ಇಂಜೆಕ್ಷನ್ ಹಾಕಿಸಿಕೊಂಡು, ಜೋಮು ಹಿಡಿಯಲಿ ಎಂದು ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡ ಗುಮಾಸ್ತ ಗೋಡೆಯ ಕಡೆ ತಿರುಗಿ ದನಿ ತಗ್ಗಿಸಿದ.

"ಅವಳನ್ನ ಬಿಟ್ಟಿರಕ್ಕೇ ಆಗ್ತಿಲ್ಲ ಅಕ್ಕ. ನಿನ್ನೆನೂ ಹೆಂಡತಿ ಮಲಗಿದ ಮೇಲೆ ಅವಳ ಜೊತೇನೇ ಇದ್ದೆ."

ಮೇಷ್ಟರ ಒಂದು ಕಣ್ಣು ತೆರೆಯಿತು.

"ಮನೆ ಬಿಟ್ಟು ಬರೋದು ಅಷ್ಟು ಸುಲಭಾನಾ? ಆ ಬಟ್ಟೆ ಅಂಗಡಿಯವನು ಸುಮ್ನೆ ಬಿಡ್ತಾನಾ? ನನ್ನ ಕೇಳಿದ್ರೆ ಅವನ ಹಾಲಿಗೆ ವಿಷ ಬೀಳ್ತಿರೋದೇ ಸರಿ. ಸ್ವಲ್ಪ ಜಾಸ್ತಿನೇ ಬೀಳ್ಬೇಕಿತ್ತು."

ಇನ್ನೊಂದು ಕಣ್ಣೂ ತೆರೆಯಿತು.

"ಇನ್ನೇನು ಜಾಸ್ತಿ ಇಲ್ಲ ಅಕ್ಕ. ಇವತ್ತು ಮಧ್ಯಾಹ್ನ ಮುಗಿಸಿಬಿಡ್ತೀನಿ."

ಮೇಷ್ಟರು ಬೆಂಚಿನಿಂದ ಎದ್ದು, ಗೋಡೆ ಸವರಿಕೊಂಡು, ಉಪಕರಣ ತೊಳೆಯುತ್ತಿದ್ದ ನರ್ಸಮ್ಮನ ಬಳಿ ಹೋದರು. ಬದುಕಿಡೀ ಪಾಠ ಹೇಳಿದ ನಾಲಿಗೆ ಅಷ್ಟು ಹೊತ್ತಿಗೆ ಒದ್ದೆ ಚೀಲದಂತೆ ಬಿದ್ದುಕೊಂಡಿತ್ತು.

"ವಿಫ... ಆಲಿಗೆ ವಿಫ... ಬಫ್ಫೆ ಅಂಗಡಿ..."

"ನೋವಾಗ್ತಿದೆಯಾ ಮೇಷ್ಟ್ರೇ?"

ಮೇಷ್ಟರು ಅಲ್ಲವೆಂದು ತಲೆಯಾಡಿಸಿದರು. ಗುಮಾಸ್ತನ ಕಡೆ ಬೆರಳು ತೋರಿಸಿದರು. ಲೋಟಕ್ಕೆ ಏನನ್ನೋ ಹಾಕಿ ಕಲಸುವಂತೆ ಮಾಡಿದರು, ಕುಡಿದರು, ಕತ್ತು ಹಿಡಿದುಕೊಂಡು ಸಿಂಕಿನ ಪಕ್ಕದಲ್ಲೇ ಕುಸಿದು ಪ್ರಾಣಬಿಟ್ಟರು. ನರ್ಸಮ್ಮ ಕೈ ಹಿಡಿದು ಎಬ್ಬಿಸುವಷ್ಟರಲ್ಲಿ ಅವಳಿಗೆ ವಿಷಯ ತಿಳಿದಿತ್ತು. ಉಳಿದದ್ದನ್ನು, ಆ ಹೆಂಗಸಿನ ಸಂಗತಿಯನ್ನೂ ಮಧ್ಯಾಹ್ನದ ಮಾತನ್ನೂ, ಮೇಷ್ಟರು ಟೋಕನ್ ಚೀಟಿಯ ಹಿಂದೆ ಬರೆದು ತೋರಿಸಿದರು.

ಮುಂದಿನ ಟೋಕನ್ ಯಾರದ್ದೆಂದರೆ, ಎದುರು ಬೀದಿಯ ಬಟ್ಟೆ ಅಂಗಡಿ ಯಜಮಾನರದ್ದು. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ನರ್ಸಮ್ಮ ಅವರ ಕೊರಳಿಗೆ ಬಿಳಿ ಬಟ್ಟೆ ಕಟ್ಟುತ್ತಾ ಕೇಳಿದಳು, "ಯಜಮಾನ್ರೇ, ನೀವು ಹಾಲು ಕುಡೀತೀರಾ?"

"ದಿನಾ ರಾತ್ರಿ. ಯಾಕಮ್ಮ?"

"ರುಚಿ ಸರಿ ಇರುತ್ತಾ?"

ಯಜಮಾನರು ಯೋಚಿಸಿದರು. "ಈಚೆಗೆ ಸ್ವಲ್ಪ ಕಹಿ ಅನ್ಸುತ್ತೆ. ಹಲ್ಲಿನದೇ ತೊಂದ್ರೆ ಅಂದ್ಕೊಂಡಿದ್ದೆ."

ನರ್ಸಮ್ಮ ಅವರ ಕಿವಿಯ ಬಳಿ ಬಗ್ಗಿದಳು. ಮರುಕ್ಷಣ ಯಜಮಾನರು ಕೊರಳಿನ ಬಿಳಿ ಬಟ್ಟೆಯ ಸಮೇತ ಕ್ಲಿನಿಕ್ಕಿನ ಬಾಗಿಲು ದಾಟಿ, ಗೂಟ ಕಿತ್ತ ಹೋರಿಯಂತೆ ಮನೆಯ ದಿಕ್ಕಿಗೆ ಓಡುತ್ತಿದ್ದರು.

"ಯಾಕೆ ಹಾಗೆ ಓಡಿದ್ರು?" ಎಂದು ಗುಮಾಸ್ತ ಕೇಳಿದ.  ಕೆನ್ನೆಗೆ ಕರವಸ್ತ್ರ ಕಟ್ಟಿಕೊಂಡಿದ್ದ ಹೆಂಗಸೊಬ್ಬಳು ಅವನ ಕೈಯಿಂದ ಟೋಕನನ್ನು ಕೆಂಡ ತೆಗೆಯುವಂತೆ ತೆಗೆದುಕೊಂಡಳು. ಇನ್ನೊಬ್ಬರು ಅವನು ತಂದಿಟ್ಟ ನೀರಿನ ಲೋಟವನ್ನು ಮೂಸಿ ನೋಡಿ ಹಾಗೇ ಇಟ್ಟರು. ತನ್ನ ಶರ್ಟೇನಾದರೂ ಹರಿದಿದೆಯೇ ಎಂದು ಗುಮಾಸ್ತ ಎರಡು ಸಲ ನೋಡಿಕೊಂಡ.

ಊಟದ ಹೊತ್ತಾಯಿತು. ಗುಮಾಸ್ತ ಮೆಲ್ಲನೆ ಡ್ರಾಯರಿಗೆ ಕೈ ಹಾಕಬೇಕು, ಅಷ್ಟರಲ್ಲಿ ಡಾಕ್ಟರಮ್ಮ ಒಳಗೆ ಕರೆಸಿದರು. ಅವರ ಮುಖ ನೋಡಿದ್ದೇ ಅವನಿಗೆ ಖಾತ್ರಿಯಾಯಿತು: ಕಾದಂಬರಿಯ ಗುಟ್ಟು ಗೊತ್ತಾಗಿಹೋಗಿದೆ.

"ಕೂತ್ಕೊಳ್ಳಿ" ಎಂದರು ಡಾಕ್ಟರಮ್ಮ. ಕತ್ತರಿ, ಸೂಜಿ ಇದ್ದ ಟ್ರೇಯನ್ನು ತಮ್ಮ ಕಡೆ ಎಳೆದುಕೊಂಡರು. "ನಂಗೆ ಎಲ್ಲ ಗೊತ್ತಾಗಿದೆ. ಯಾವಾಗಿನಿಂದ ಇದು?"

ಗುಮಾಸ್ತ ತಲೆ ತಗ್ಗಿಸಿದ. "ಹೋದ ವಾರದಿಂದ ಮೇಡಂ."

"ಮನೇಲಿ ಹೆಂಡ್ತಿಗೆ ಗೊತ್ತಾ?"

"ಇಲ್ಲ. ಅವಳು ಮಲಗಿದ ಮೇಲೇನೇ. ಗೊತ್ತಾದ್ರೆ ದೀಪ ಉರಿಸ್ತೀರಿ, ಕಣ್ಣು ಹಾಳು ಅಂತ ಬೈತಾಳೆ."

ಕಣ್ಣಿಗೂ ಇದಕ್ಕೂ ಏನು ಸಂಬಂಧವೋ ಡಾಕ್ಟರಮ್ಮನಿಗೆ ತಿಳಿಯಲಿಲ್ಲ. "ಇದೇ ಮೊದಲ ಸಲಾನಾ?"

ಸುಳ್ಳು ಹೇಳಿ ಉಪಯೋಗವಿಲ್ಲ ಎನಿಸಿತು ಗುಮಾಸ್ತನಿಗೆ. "ಅಲ್ಲ ಮೇಡಂ. ತಿಂಗಳಿಗೆ ಮೂರು ನಾಲ್ಕು ಮುಗಿಸ್ತೀನಿ."

ಡಾಕ್ಟರಮ್ಮ ರೋಗಿಗಳ ಕುರ್ಚಿಯಲ್ಲಿ ಕುಸಿದು ಕೂತರು.

"ಚಿಕ್ಕಂದಿನಿಂದ ಅಭ್ಯಾಸ ಆಗ್ಬಿಟ್ಟಿದೆ" ಎಂದು ಗುಮಾಸ್ತ ಮುಂದುವರಿಸಿದ. "ಅಕ್ಕನೇ ಕಲಿಸಿದ್ದು. ಅವಳು ನನಗಿಂತ ಜಾಸ್ತಿ ಮುಗಿಸಿದಾಳೆ."

"ಈಗ... ಈಗ ಅದನ್ನ ಎಲ್ಲಿಟ್ಟಿದ್ದೀರಿ?"

"ಕೌಂಟರಿನ ಡ್ರಾಯರಲ್ಲಿ. ದಯವಿಟ್ಟು ಇವತ್ತೊಂದಿನ ಬಿಟ್ಬಿಡಿ ಮೇಡಂ. ಸ್ವಲ್ಪವೇ ಉಳಿದಿರೋದು. ಇದೊಂದು ಮುಗಿಸಿ ಇನ್ನು ಮುಟ್ಟಲ್ಲ."

ಡಾಕ್ಟರಮ್ಮ ಬಾಗಿಲಿನ ಕಡೆ ನೋಡಿದರು. ಅಲ್ಲಿ ಕಿವಿ ಹಚ್ಚಿ ನಿಂತಿದ್ದ ನರ್ಸಮ್ಮ ಆಗಲೇ ಗುಮಾಸ್ತನ ಹೆಂಡತಿಗೆ ಫೋನ್ ಮಾಡಲು ಹೋಗಿಯಾಗಿತ್ತು.

ಅವನು ಹೊರಗೆ ಬಂದಾಗ ಕ್ಲಿನಿಕ್ಕು ಮದುವೆ ಮನೆಯಂತೆ ತುಂಬಿತ್ತು. ಹಲ್ಲು ಕೀಳಿಸಿಕೊಂಡವರೂ ಮನೆಗೆ ಹೋಗಿರಲಿಲ್ಲ. ಡ್ರಾಯರಿನ ಸುತ್ತ ಮಾತ್ರ ಒಂದು ಮಾರು ಜಾಗ ಖಾಲಿ. ಬಟ್ಟೆ ಅಂಗಡಿ ಯಜಮಾನರು ಹೆಂಡತಿಯನ್ನು ಕರೆದುಕೊಂಡು ವಾಪಸ್ಸು ಬಂದಿದ್ದರು. ಬಿಳಿ ಬಟ್ಟೆ ಇನ್ನೂ ಕೊರಳಲ್ಲೇ ಇತ್ತು.

"ಏನಯ್ಯಾ" ಎಂದರು ಯಜಮಾನರು, "ರಾತ್ರಿಯೆಲ್ಲ ನನ್ನ ಹೆಂಡ್ತಿ ಜೊತೆ ಇರ್ತೀಯಂತೆ?"

ಗುಮಾಸ್ತ ಬಾಯಿ ಬಿಟ್ಟ. ಅದನ್ನು ಮುಚ್ಚಲು ಆಗಲಿಲ್ಲ.

"ರೀ, ರಾತ್ರಿಯೆಲ್ಲ ನಿಮ್ಮ ಗೊರಕೆ ಕೇಳ್ಕೊಂಡು ನಾನು ಎಚ್ಚರ ಇರ್ತೀನಿ" ಎಂದಳು ಯಜಮಾನರ ಹೆಂಡತಿ. "ಇವರು ಯಾವಾಗ ಬಂದ್ರು ಹೋದ್ರು ಅಂತ ನನಗೆ ಗೊತ್ತಾಗಲ್ವಾ?"

"ಹಾಗಾದ್ರೆ ಹಾಲು ಯಾಕೆ ಕಹಿ?"

"ನೀವು ಎಲೆ ಅಡಿಕೆ ಉಗಿದು ಬಾಯಿ ತೊಳೀದೆ ಕುಡಿದ್ರೆ ಇನ್ನೇನಾಗುತ್ತೆ?"

ಜನ ನಕ್ಕರು, ಆದರೆ ಅನುಮಾನ ಹೋಗಲಿಲ್ಲ. ಊರಿನಲ್ಲಿ ಇರುವುದು ಒಂದೇ ಬಟ್ಟೆ ಅಂಗಡಿಯಲ್ಲವಲ್ಲ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ವಿಷ, ಹಾಲು, ಬಟ್ಟೆ ಅಂಗಡಿ, ಮಧ್ಯಾಹ್ನ ಎಂಬ ಮಾತುಗಳು ಒಂದೊಂದಾಗಿ ಕಿವಿಗೆ ಬಿದ್ದ ಮೇಲೆ ಗುಮಾಸ್ತನಿಗೆ ಹೊಳೆಯಿತು.  ಅದು ಕಾದಂಬರಿ ಎಂದರೆ ಕೆಲಸ ಹೋಗುತ್ತದೆ. ಅಲ್ಲ ಎಂದರೆ ಮಾನ ಹೋಗುತ್ತದೆ. ಯಾವುದು ಹೋದರೆ ವಾಸಿ ಎಂದು ಅವನು ಲೆಕ್ಕ ಹಾಕುತ್ತಿರುವಾಗಲೇ ಬಾಗಿಲಲ್ಲಿ ಅವನ ಹೆಂಡತಿ ಕಾಣಿಸಿದಳು.

ಅಳುತ್ತಾ ಬರುತ್ತಾಳೆ ಎಂದು ಕಾದಿದ್ದ ಜನಕ್ಕೆ ನಿರಾಸೆಯಾಯಿತು. ಅವಳು ಚಪ್ಪಲಿ ಬಿಟ್ಟು ನೆಟ್ಟಗೆ ಒಳಗೆ ಬಂದಳು.

"ಹೋಗ್ಬೇಡಮ್ಮಾ, ಅದರೊಳಗೆ ವಿಷ ಇದೆ" ಎಂದು ನರ್ಸಮ್ಮ ಅನ್ನುತ್ತಿದ್ದಂತೆಯೇ ಅವಳು ಡ್ರಾಯರ್ ಎಳೆದು ಹಸಿರು ರಟ್ಟಿನ ದಪ್ಪ ಪುಸ್ತಕ ಹೊರತೆಗೆದಳು.

"ಇದೇ ನೋಡಿ ಅವಳು" ಎಂದು ಪುಸ್ತಕವನ್ನು ಡಾಕ್ಟರಮ್ಮನ ಕೈಗೆ ಕೊಟ್ಟಳು. "ಬಟ್ಟೆ ಅಂಗಡಿನೂ ಇದರೊಳಗೇ, ಹಾಲೂ ಇದರೊಳಗೇ. ನಮ್ಮನೆಯವರಿಗೆ ಇರುವೆ ಮೇಲೆ ಕಾಲಿಡಕ್ಕೂ ಧೈರ್ಯ ಇಲ್ಲ. ವಿಷ ಹಾಕ್ತಾರಾ?"

ಗುಮಾಸ್ತನ ಎದೆ ತುಂಬಿ ಬಂತು. ಇಷ್ಟು ವರ್ಷದಲ್ಲಿ ಹೆಂಡತಿ ಇಷ್ಟು ಚೆಂದ ಕಂಡಿರಲಿಲ್ಲ. "ನಿಂಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದ.

"ನೀವು ಯಾವಾಗ ದೀಪ ಆರಿಸ್ತೀರಿ ಅಂತ ಕಾಯ್ತಾ ಮಲಗಿರ್ತೀನಿ. ನೀವು ಮಲಗಿದ ಮೇಲೆ ಅಡುಗೆ ಮನೇಲಿ ಕೂತು ನಾನು ಓದ್ತೀನಿ" ಎಂದಳು ಹೆಂಡತಿ. ಆಮೇಲೆ ಸುತ್ತ ನಿಂತವರಿಗೆ, ನ್ಯಾಯಾಲಯದಲ್ಲಿ ಕೊನೆಯ ಸಾಕ್ಷಿ ಹೇಳುವವರಂತೆ, ತಿಳಿಸಿದಳು: "ಅಷ್ಟಕ್ಕೂ ವಿಷ ಹಾಕ್ತಿದ್ದದ್ದು ಹೆಂಡ್ತಿನೂ ಅಲ್ಲ, ಹೊರಗಿನವರೂ ಅಲ್ಲ. ಆ ಗಂಡನ ಸ್ವಂತ ಅಕ್ಕ. ಕೊನೇ ಅಧ್ಯಾಯದಲ್ಲಿ ಬರುತ್ತೆ."

ಗುಮಾಸ್ತ ಕೌಂಟರನ್ನು ಹಿಡಿದುಕೊಂಡ.

ಅವನ ಕಡೆ ಯಾರೂ ನೋಡಲಿಲ್ಲ. ಅಕ್ಕನಾ, ಅದು ಹೇಗೆ ಸಾಧ್ಯ ಎಂದು ಕೆನ್ನೆಗೆ ಕರವಸ್ತ್ರ ಕಟ್ಟಿಕೊಂಡವಳು ಕೇಳಿದಳು. ಅಂಥ ಗಂಡನಿಗೆ ಯಾರು ಹಾಕಿದರೂ ತಪ್ಪಿಲ್ಲ ಎಂದಳು ಯಜಮಾನರ ಹೆಂಡತಿ. ವ್ಯಾಪಾರ ಮಾಡುವವರ ಕಷ್ಟ ಕಾದಂಬರಿ ಬರೆಯುವವರಿಗೆ ಗೊತ್ತಿಲ್ಲ ಎಂದು ಯಜಮಾನರು ಸಿಟ್ಟಾದರು. ಪುಸ್ತಕದ ಒಂದು ಸಾಲನ್ನೂ ಓದದೆ ಅಷ್ಟು ಜನ ಅಷ್ಟು ಖಚಿತವಾಗಿ ಅಭಿಪ್ರಾಯ ಹೇಳುವುದನ್ನು, ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಓದಿದ್ದ ಗುಮಾಸ್ತ ನಿಂತು ಕೇಳಿದ.

ಡಾಕ್ಟರಮ್ಮ ಪುಸ್ತಕದ ಮೊದಲ ಪುಟ ನೋಡಿದರು, ಎರಡನೆಯದನ್ನೂ ನೋಡಿದರು. "ಕೆಲಸದ ಹೊತ್ತಿನಲ್ಲಿ ಕಾದಂಬರಿ ತರಬಾರದು ಅಂತ ಹೇಳಿದ್ದೆ" ಎಂದರು. "ಈ ಸಲ ಕ್ಷಮಿಸಿದೀನಿ. ಇದು ನನ್ನ ಹತ್ರ ಇರ್ಲಿ." ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮುಂದಿನ ರೋಗಿಯನ್ನು ಸಂಜೆಯವರೆಗೂ ಕರೆಯಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಗುಮಾಸ್ತ ಮತ್ತೆ ಮತ್ತೆ ಕ್ಲಿನಿಕ್ಕಿನ ಕಡೆ ತಿರುಗಿ ನೋಡಿದ. ಗಂಡನ ಮುಖ ನೋಡಿ ಹೆಂಡತಿಗೆ ಪಾಪ ಎನಿಸಿತು.

"ನೀವು ಮುಗಿಸಿದೀರಿ ಅಂತ ಅಂದ್ಕೊಂಡಿದ್ದೆ ರೀ. ಹೋಗ್ಲಿ ಬಿಡಿ. ಮಂಚದ ಕೆಳಗೆ ಇನ್ನೊಂದು ತಂದಿಟ್ಟಿದೀರಲ್ಲ, ಹಡಗಿನ ಕತೆ? ಅದು ಇದಕ್ಕಿಂತ ಚೆನ್ನಾಗಿದೆ."

ಗುಮಾಸ್ತ ನಡೆಯುವುದನ್ನು ನಿಲ್ಲಿಸಿದ. "ಅದನ್ನೂ ಓದಿದೀಯಾ?"

"ನಿನ್ನೆ ಮುಗಿಸಿದೆ. ಕ್ಯಾಪ್ಟನ್ ಸತ್ತ ಅಂತ ಎಲ್ಲರೂ ಅಳ್ತಾರಲ್ಲ, ಅವನು ಸತ್ತೇ ಇರಲ್ಲ."

ಗುಮಾಸ್ತ ಎರಡೂ ಕಿವಿ ಮುಚ್ಚಿಕೊಂಡ. ಅಷ್ಟು ಹೊತ್ತಿಗೆ ಕೇಳಿಸಿಬಿಟ್ಟಿತ್ತು.